ಎರಡನೇ ಸಲ ಸಿಕ್ಕಿಬಿದ್ದಾಗ

ಅರಸೀಕೆರೆ ಸೀಮೆಯಲ್ಲಿ ಕುಡಿದು ಗಾಡಿ ಓಡಿಸಿ ಪೊಲೀಸರ ಕೈಗೆ ಸಿಕ್ಕವನಿಗೆ ಗೆಳೆಯರು ಹೇಳುವ ಸಮಾಧಾನ ಸಾಮಾನ್ಯವಾಗಿ ಒಂದೇ: ‘ಹತ್ಸಾವ್ರ ಕಟ್ಟುದ್ರೆ ಮುಗೀತು, ಬಾರ್ಲಾ.’ ಬೇಲೂರಿನ ಬಸ್ ನಿಲ್ದಾಣದಲ್ಲಿ ಕೇಳಿದರೂ ಇದೇ ಮಾತು, ಹಳೇಬೀಡಿನ ಟೀ ಅಂಗಡಿಯಲ್ಲಿ ಕೇಳಿದರೂ ಇದೇ ಮಾತು. ಹತ್ತು ಸಾವಿರ ಎಂಬುದು ನಿಜ. ಮುಗಿಯಿತು ಎಂಬುದು ನಿಜವಲ್ಲ. ಕಾನೂನಿನ ಲೆಕ್ಕದಲ್ಲಿ ಅಂದು ಒಂದು ಖಾತೆ ತೆರೆದಂತಾಗಿರುತ್ತದೆ. ಅದೇ ಮನುಷ್ಯ ಮತ್ತೊಮ್ಮೆ ಸಿಕ್ಕಿದ ದಿನ ಆ ಖಾತೆಯನ್ನು ತೆಗೆದು ನೋಡಬೇಕು. ನೋಡಿದರೆ ಅವನಿಗೆ ಎರಡು ವರ್ಷದವರೆಗೆ ಜೈಲಾಗಬಹುದು, ಚಾಲನಾ ಪರವಾನಗಿಯೇ ರದ್ದಾಗಬಹುದು. ನೋಡದೇ ಹೋದರೆ ಅವನು ಎರಡನೇ ಸಲವೂ ಮೊದಲ ಸಲದವನೇ. ಈ ಲೇಖನ ಬರೆಯಲು ಕೂತದ್ದು ಈ ಕೊನೆಯ ವಾಕ್ಯಕ್ಕಾಗಿ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಮಿನ ಪ್ರಕಾರ, ಚಾಲಕನ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರಬಾರದು. ಇದ್ದರೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಮತ್ತು ಆಮೇಲಿನ ಪ್ರತಿ ಸಲಕ್ಕೂ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ಈ ಮೊತ್ತಗಳು ಜಾರಿಗೆ ಬಂದದ್ದು 2019ರ ಸೆಪ್ಟೆಂಬರ್ 1ರಿಂದ. ಅದಕ್ಕೂ ಮೊದಲು ದಂಡ ಕ್ರಮವಾಗಿ ಎರಡು ಸಾವಿರ, ಮೂರು ಸಾವಿರದ ಒಳಗಿತ್ತು.

ಹೊಸ ದಂಡಗಳು ಬಂದ ತಿಂಗಳಲ್ಲೇ ರಾಜ್ಯದಲ್ಲಿ ಗಲಾಟೆ ಎದ್ದು, ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಸಾವಿರ ಇದ್ದದ್ದು ಐನೂರಾಯಿತು. ಕುಡಿದು ಓಡಿಸಿದ್ದಕ್ಕೆ ಮಾತ್ರ ಆ ಇಳಿಕೆ ತಟ್ಟಲಿಲ್ಲ. ಇದು ರಸ್ತೆ ಬದಿಯಲ್ಲೇ ದಂಡ ಕಟ್ಟಿಸಿಕೊಂಡು ಇತ್ಯರ್ಥ ಮಾಡಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಕೋರ್ಟಿಗೇ ಹೋಗಬೇಕು. ಪೊಲೀಸರಿಗೆ ಸ್ಥಳದಲ್ಲೇ ದುಡ್ಡು ಕೊಟ್ಟು ಬಂದೆ ಎಂದು ಯಾರಾದರೂ ಹೇಳಿದರೆ ಅದು ದಂಡವಲ್ಲ, ಅದಕ್ಕೆ ಬೇರೆ ಹೆಸರಿದೆ. ಹಾಗೆ ಬಿಟ್ಟು ಕಳಿಸಿದ ದಿನ ಆ ಮನುಷ್ಯನ ಮೊದಲ ಅಪರಾಧ ಎಲ್ಲಿಯೂ ದಾಖಲಾಗದೆ ಅಳಿಸಿಹೋಗುತ್ತದೆ.

ಒಂದು ರಸ್ತೆ, ಮೂರು ಊರು

ಮಂಗಳೂರಿನಿಂದ ತುಮಕೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ ದಾಟಿ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರದ ಮೂಲಕ ಅರಸೀಕೆರೆಗೆ ಬಂದು ತಿಪಟೂರಿನ ಕಡೆ ಸಾಗುತ್ತದೆ. ಬೇಲೂರಿಗೂ ಹಳೇಬೀಡಿಗೂ ನಡುವೆ ಹದಿನಾರು ಕಿಲೋಮೀಟರ್ ಅಷ್ಟೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಾರಾಂತ್ಯ ಬಂತೆಂದರೆ ಬೆಂಗಳೂರಿನ ಕಾರುಗಳು ಈ ದಾರಿಯಲ್ಲಿ ಸಾಲುಗಟ್ಟುತ್ತವೆ. ಬೆಳಗ್ಗೆ ಚೆನ್ನಕೇಶವ, ಮಧ್ಯಾಹ್ನ ಹೊಯ್ಸಳೇಶ್ವರ, ರಾತ್ರಿ ಸಕಲೇಶಪುರ ಅಥವಾ ಚಿಕ್ಕಮಗಳೂರಿನ ಹೋಂಸ್ಟೇ. ಅದೇ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಲಾರಿ, ಶುಂಠಿ ಮೂಟೆಯ ಟೆಂಪೊ, ಹಾಲಿನ ಟ್ಯಾಂಕರ್, ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್. ಶಿವರಾತ್ರಿ ಹತ್ತಿರ ಬಂದರೆ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರು, ಬಿಸಿಲಿಗೆ ಅಂಜಿ ರಾತ್ರಿಯೇ ನಡೆಯುವವರು.

2022ರ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ ಕೆಎಸ್‌ಆರ್‌ಟಿಸಿ ಬಸ್ಸು, ಹಾಲಿನ ಟ್ಯಾಂಕರ್, ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ ಒಂಬತ್ತು ಜನ ತೀರಿಕೊಂಡರು. ದೇವರ ದರ್ಶನ ಮುಗಿಸಿ ಮನೆಗೆ ಮರಳುತ್ತಿದ್ದವರು, ಅವರಲ್ಲಿ ಮಕ್ಕಳೂ ಇದ್ದರು. ಆ ದುರಂತವನ್ನು ಕುಡಿತಕ್ಕೆ ಹೊಂದಿಸಿ ಹೇಳುವುದು ತಪ್ಪಾಗುತ್ತದೆ, ಹಾಗೆ ಹೇಳುತ್ತಲೂ ಇಲ್ಲ. ಇಲ್ಲಿ ನೆನೆಯಲು ಕಾರಣ ಇಷ್ಟೇ: ಕತ್ತಲಾದ ಮೇಲೆ ಈ ಸೀಮೆಯ ಹೆದ್ದಾರಿಗಳು, ಪೂರ್ತಿ ಎಚ್ಚರ ಇರುವವರಿಂದಲೂ ಎಷ್ಟು ಗಮನ ಬೇಡುತ್ತವೆ ಎಂಬುದನ್ನು ಅರಸೀಕೆರೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ರಸ್ತೆಗೆ ಕುಡಿದವನೊಬ್ಬ ಇಳಿಯುತ್ತಾನೆ.

ಇಳಿಯುವವರಲ್ಲಿ ಪ್ರವಾಸಿಗರಿಗಿಂತ ಊರವರ ಚಿಂತೆಯೇ ನನಗೆ ಹೆಚ್ಚು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದರಿಂದ ಎಷ್ಟೋ ಬಡ ಮನೆಗಳಿಗೆ ಒಳ್ಳೆಯದಾಯಿತು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಒಂದು ಬದಲಾವಣೆಯನ್ನು ಅಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಾರಾಯಿ ಅಂಗಡಿ ಊರೊಳಗೇ ಇತ್ತು, ಕುಡಿದವನು ಜೋಲಿ ಹೊಡೆಯುತ್ತ ನಡೆದೇ ಮನೆ ಸೇರುತ್ತಿದ್ದ. ಈಗ ಬಾರು, ಎಂಎಸ್‌ಐಎಲ್ ಮಳಿಗೆ ಇರುವುದು ಹೋಬಳಿ ಊರಲ್ಲಿ, ತಾಲ್ಲೂಕು ಕೇಂದ್ರದಲ್ಲಿ. ಅಷ್ಟು ಹೊತ್ತಿಗೆ ಮನೆಮನೆಗೂ ಬೈಕು ಬಂದಿತ್ತು. ಹತ್ತು ಹದಿನೈದು ಕಿಲೋಮೀಟರ್ ಬೈಕಿನಲ್ಲಿ ಹೋಗಿ ಕುಡಿದು, ಅದೇ ಬೈಕಿನಲ್ಲಿ ವಾಪಸು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದು ಆದೇಶಿಸಿತು. ಸಣ್ಣ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು, ಪಟ್ಟಣಗಳಿಗೆ, ಮುಂದೆ ಕೆಲವು ಪಂಚಾಯಿತಿ ಪ್ರದೇಶಗಳಿಗೂ ಸಡಿಲಿಕೆ ಬಂತು. ಅಂಗಡಿ ಒಳಗೆ ಸರಿದರೂ ಹೊರಗೆ ಉಳಿದರೂ, ಅದರ ಮುಂದೆ ನಿಂತ ಬೈಕುಗಳ ಸಾಲು ಹಾಗೇ ಇದೆ.

ಊದಿದ ಮೇಲೆ

ತಪಾಸಣೆ ನಡೆಯುವ ಜಾಗದಲ್ಲಿ ಕಾಣುವುದು ಇಷ್ಟು. ಅಂಗೈಯಗಲದ ಯಂತ್ರ, ಅದಕ್ಕೆ ಪ್ರತಿ ಸಲವೂ ಹೊಸದಾಗಿ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ‘ಜೋರಾಗಿ ಊದಿ, ಇನ್ನೂ ಊದಿ, ನಿಲ್ಲಿಸಬೇಡಿ’ ಎನ್ನುವ ಪೇದೆ. ಬೀಪ್ ಸದ್ದು, ಪರದೆಯ ಮೇಲೊಂದು ಅಂಕಿ, ಅಂಗಡಿ ರಸೀದಿಯಂಥ ಉದ್ದನೆಯ ಚೀಟಿ. ಚೀಟಿಯಲ್ಲಿ ದಿನಾಂಕ, ಸಮಯ, ಯಂತ್ರದ ಸಂಖ್ಯೆ, ಮದ್ಯಸಾರದ ಪ್ರಮಾಣ. ಅದಕ್ಕೆ ಚಾಲಕನ ಸಹಿ.

ಆ ಅಂಕಿ 30 ದಾಟಲು ಎಷ್ಟು ಕುಡಿದಿರಬೇಕು? ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ ಇರುತ್ತದೆ. ಅರವತ್ತು ಕಿಲೊ ತೂಕದ ಗಂಡಸು ಒಂದು ನೈಂಟಿ ಹಾಕಿದರೆ ರಕ್ತದಲ್ಲಿ ಅದು ಸುಮಾರು 75 ಮಿಲಿಗ್ರಾಂ ಮುಟ್ಟಬಹುದು, ಮಿತಿಯ ಎರಡೂವರೆ ಪಟ್ಟು. ಕ್ವಾರ್ಟರ್ ಮುಗಿಸಿದರೆ 150ರ ಆಸುಪಾಸು. ದೇಹ ಅದನ್ನು ಕರಗಿಸುವುದು ಗಂಟೆಗೆ ಸರಾಸರಿ 15 ಮಿಲಿಗ್ರಾಂ ಲೆಕ್ಕದಲ್ಲಿ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ, ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗ್ಗೆ ಆರಕ್ಕೆ ಎದ್ದು ಹಾಲಿನ ಗಾಡಿಯನ್ನೋ ಶಾಲೆಯ ವ್ಯಾನನ್ನೋ ಹೊರಡಿಸಿದರೆ, ಆಗಲೂ ಅವನು ಕಾನೂನಿನ ಕಣ್ಣಿನಲ್ಲಿ ಕುಡಿದ ಚಾಲಕನೇ. ‘ರಾತ್ರಿ ಕುಡಿದದ್ದು ಸಾರ್, ಈಗಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಬಹುಭಾಗದಲ್ಲಿ, ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಿತಿ 80 ಮಿಲಿಗ್ರಾಂ. ಮಿತಿಯ ಮಟ್ಟಿಗೆ ನಮ್ಮ ಕಾನೂನೇ ಹೆಚ್ಚು ಬಿಗಿ.

ಮೇಲೆ ಹೇಳಿದ ಚೀಟಿ ಬಂದ ಕೂಡಲೇ ಪೊಲೀಸರಿಗೆ ಗಡಿಯಾರ ಓಡತೊಡಗುತ್ತದೆ. 185ನೇ ಕಲಮಿನಡಿ ಬಂಧಿಸಿದವನಿಗೆ ಬಂಧನದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಅವನನ್ನು ಬಿಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಊದಲು ಒಲ್ಲೆ, ರಕ್ತ ಕೊಡಲು ಒಲ್ಲೆ ಎಂದು ಸರಿಯಾದ ಕಾರಣವಿಲ್ಲದೆ ಹಟ ಹಿಡಿದರೆ ಆ ನಿರಾಕರಣೆಯನ್ನೇ ಅವನ ವಿರುದ್ಧ ಬಳಸಬಹುದು. ನಗರದಲ್ಲಿ ಎರಡು ಗಂಟೆ ದೊಡ್ಡದಲ್ಲ. ಜಾವಗಲ್ಲಿನ ಆಚೆ ಹಳ್ಳಿಯ ತಿರುವಿನಲ್ಲಿ, ಇರುವ ಒಂದು ಜೀಪಿನಲ್ಲಿ, ರಾತ್ರಿ ಪಾಳಿಯ ವೈದ್ಯರು ಹೆರಿಗೆಯ ಕೆಲಸದಲ್ಲಿರುವಾಗ ಎರಡು ಗಂಟೆ ಎಂಬುದು ಬಹಳ ಬೇಗ ಕಳೆಯುತ್ತದೆ. ಕೇಸು ಗಟ್ಟಿಯಾಗುವುದೂ ಸಡಿಲವಾಗುವುದೂ ಅಲ್ಲೇ.

ಆಮೇಲೆ ಕೋರ್ಟು. ಅರಸೀಕೆರೆಯಲ್ಲಿ, ಬೇಲೂರಿನಲ್ಲಿ ಜೆಎಂಎಫ್‌ಸಿ ನ್ಯಾಯಾಲಯಗಳಿವೆ. ಸಿಕ್ಕಿಬಿದ್ದವನ ಮನಸ್ಸೆಲ್ಲ ಠಾಣೆಯ ಆವರಣದಲ್ಲಿ ನಿಂತ ಬೈಕಿನ ಮೇಲೆ. ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ರಸೀದಿ ತೋರಿಸಿ ಗಾಡಿ ಬಿಡಿಸಿಕೊಂಡರೆ ಸಾಕೆನ್ನುವ ಅವಸರ. ತಪ್ಪೊಪ್ಪಿಗೆ ಎಂದರೆ ಅಪರಾಧ ಸಾಬೀತಾದಂತೆ, ಇನ್ನು ಮುಂದೆ ತನ್ನ ಹೆಸರಿನ ಮುಂದೆ ಒಂದು ಶಿಕ್ಷೆ ನಿಂತಿರುತ್ತದೆ ಎಂಬುದು ಅವನಿಗೆ ತಿಳಿದಿರುವುದಿಲ್ಲ. ಯಾರಾದರೂ ಅವನಿಗೆ ಅದನ್ನು ಬಿಡಿಸಿ ಹೇಳಬೇಕು. ನ್ಯಾಯಾಧೀಶರ ಬಾಯಿಂದ, ಕನ್ನಡದಲ್ಲಿ, ಎರಡೇ ವಾಕ್ಯದಲ್ಲಿ ಬಂದರೂ ಅದರ ತೂಕ ಬೇರೆ: ‘ಇನ್ನೊಂದು ಸಲ ಬಂದರೆ ಎರಡು ವರ್ಷದವರೆಗೆ ಜೈಲಿಗೆ ಕಳಿಸಬಹುದು. ಲೈಸೆನ್ಸ್ ಹೋಗುತ್ತದೆ.’

ಈಗ ಎರಡನೇ ಸಲದ ವಿಷಯ. ಒಬ್ಬನು ಎರಡನೇ ಸಲ ತಪ್ಪು ಮಾಡಿದ್ದಾನೆಂದು ನ್ಯಾಯಾಲಯ ತಾನಾಗಿ ಊಹಿಸಿಕೊಳ್ಳಲಾರದು. ಹಿಂದೆ ಯಾವ ಕೋರ್ಟಿನಲ್ಲಿ, ಯಾವ ದಿನ ಶಿಕ್ಷೆಯಾಗಿತ್ತು ಎಂಬುದನ್ನು ಪೊಲೀಸರು ದಾಖಲೆ ಸಮೇತ ಮುಂದಿಡಬೇಕು. ಮೊದಲ ಸಲ ಅರಸೀಕೆರೆಯಲ್ಲಿ ಸಿಕ್ಕವನು ಎರಡನೇ ಸಲ ಬೇಲೂರಿನಲ್ಲಿ ಸಿಗಬಹುದು. ಬಾಣಾವರ ದಾಟಿ ಸ್ವಲ್ಪ ಹೋದರೆ ಕಡೂರು, ಅಲ್ಲಿ ಜಿಲ್ಲೆಯೇ ಬೇರೆ. ಹೆಸರು ಹೇಳುವಾಗ ಒಮ್ಮೆ ಇನಿಷಿಯಲ್ ಸೇರಿಸಿ, ಒಮ್ಮೆ ಬಿಟ್ಟು ಹೇಳಿರಬಹುದು. ಒಂದೇ ಊರಿನಲ್ಲಿ ಮಂಜುನಾಥ ಎನ್ನುವವರು ನಾಲ್ಕು ಜನ ಇರುತ್ತಾರೆ. ಲೈಸೆನ್ಸ್ ಸಂಖ್ಯೆಯೊಂದೇ ಇವರನ್ನು ಬೇರೆ ಬೇರೆ ಮಾಡಿ ತೋರಿಸುವ ಗುರುತು. ಮೊದಲ ಕೇಸಿನಲ್ಲಿ ಆ ಸಂಖ್ಯೆ ಬರೆದುಕೊಳ್ಳದಿದ್ದರೆ ಎರಡನೇ ಕೇಸಿನಲ್ಲಿ ಹುಡುಕುವುದು ಹೇಗೆ? ಸಾರಿಗೆ ಇಲಾಖೆಯ ‘ಸಾರಥಿ’ ದತ್ತಾಂಶದಲ್ಲಿ ಲೈಸೆನ್ಸ್ ವಿವರ ಇದೆ, ಪೊಲೀಸರ ಕೈಯಲ್ಲಿ ಇ-ಚಲನ್ ಯಂತ್ರವೂ ಇದೆ. ಇವುಗಳ ನಡುವೆ ಕೋರ್ಟಿನ ತೀರ್ಪು ಬಂದು ಕೂಡಿಕೊಂಡರೆ ಮಾತ್ರ ಸರಪಳಿ ಪೂರ್ತಿಯಾಗುತ್ತದೆ.

ನನ್ನ ವಾದ ಇಷ್ಟೇ. ಎರಡನೇ ಅಪರಾಧಕ್ಕೆ ಇನ್ನೂ ಹೆಚ್ಚಿನ ಶಿಕ್ಷೆ ಬೇಕು, ಐವತ್ತು ಸಾವಿರ ಮಾಡಿ, ಐದು ವರ್ಷ ಮಾಡಿ ಎಂದು ಸಭೆಗಳಲ್ಲಿ ಕೂಗುವವರಿದ್ದಾರೆ. ಇರುವ ಶಿಕ್ಷೆ ಸಾಲದು ಎಂದು ನನಗನ್ನಿಸುವುದಿಲ್ಲ. ಅದನ್ನು ಎಬ್ಬಿಸಿ ನಿಲ್ಲಿಸುವುದು ಮೊದಲ ಕೇಸಿನ ಕಾಗದ. ಆ ಕಾಗದ ಸರಿಯಿದ್ದರೆ ಈಗಿನ ಕಾನೂನೇ ಸಾಕಷ್ಟು ಕಠಿಣ. ಅದು ಇಲ್ಲದಿದ್ದರೆ ದಂಡವನ್ನು ಲಕ್ಷಕ್ಕೇರಿಸಿದರೂ ಎರಡನೇ ಸಲದ ಶಿಕ್ಷೆ ಪುಸ್ತಕದಲ್ಲೇ ಉಳಿಯುತ್ತದೆ.

ದಂಡಕ್ಕಿಂತ ಲೈಸೆನ್ಸು

ದಂಡ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಕಾಯಿ ಸುಲಿಯುವ ಕೂಲಿಗೆ ಹತ್ತು ಸಾವಿರವೆಂದರೆ ಸಾಲ, ಹೆಂಡತಿಯ ಓಲೆ ಅಡವಿಗೆ ಹೋಗುವ ಮಾತು. ಇಪ್ಪತ್ತು ಲಕ್ಷದ ಕಾರಿನಲ್ಲಿ ಹೋಂಸ್ಟೇಗೆ ಬಂದವನಿಗೆ ಅದು ಎರಡು ರಾತ್ರಿಯ ಕೋಣೆ ಬಾಡಿಗೆ. ಲೈಸೆನ್ಸ್ ಕಳೆದುಕೊಳ್ಳುವ ನೋವು ಮಾತ್ರ ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ತೂಕದ್ದು. ಅದಕ್ಕೇ ಈ ಕಾಯ್ದೆಯಲ್ಲಿ ನನಗೆ ಮುಖ್ಯವೆನಿಸುವುದು ಜೈಲಿನ ಮಾತಿಗಿಂತ, ಜನಕ್ಕೆ ಅಷ್ಟಾಗಿ ತಿಳಿಯದ ಇನ್ನೊಂದು ಭಾಗ.

2019ರ ತಿದ್ದುಪಡಿ 206ನೇ ಕಲಮಿಗೆ ಒಂದು ಹೊಸ ಉಪಕಲಂ ಸೇರಿಸಿತು. ಕುಡಿದು ಓಡಿಸಿದ್ದಾನೆಂದು ನಂಬಲು ಕಾರಣವಿದ್ದರೆ ಪೊಲೀಸ್ ಅಧಿಕಾರಿ ಚಾಲಕನ ಲೈಸೆನ್ಸ್ ವಶಪಡಿಸಿಕೊಂಡು ಸಾರಿಗೆ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿ ಚಾಲಕನ ಮಾತು ಕೇಳಿ, ಕಾರಣಗಳನ್ನು ಬರೆದು, ಮೊದಲ ಸಲವಾದರೆ ಮೂರು ತಿಂಗಳು ಅನರ್ಹಗೊಳಿಸಬಹುದು, ಎರಡನೇ ಸಲವಾದರೆ ಲೈಸೆನ್ಸನ್ನೇ ರದ್ದು ಮಾಡಬಹುದು. ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಅವಕಾಶವಿದೆ. ಲೈಸೆನ್ಸ್ ಮರಳಿ ಜೀವ ಪಡೆಯಬೇಕಾದರೆ ಚಾಲಕ ಪುನರ್ಮನನ ತರಬೇತಿ ಮುಗಿಸಬೇಕು. ಅನರ್ಹನಾಗಿರುವ ಅವಧಿಯಲ್ಲಿ ಸ್ಟೇರಿಂಗ್ ಹಿಡಿದರೆ 182ನೇ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಹತ್ತು ಸಾವಿರ ದಂಡ, ಇಲ್ಲವೇ ಎರಡೂ. ಇವಲ್ಲದೆ 19ನೇ ಕಲಂ ಮೊದಲಿನಿಂದಲೂ ವ್ಯಸನಿ ಕುಡುಕನಿಗೆ ಲೈಸೆನ್ಸ್ ನಿರಾಕರಿಸುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಟ್ಟೇ ಇದೆ.

2014ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ರಸ್ತೆ ಸುರಕ್ಷತಾ ಸಮಿತಿ ನೇಮಿಸಿತು. ಆ ಸಮಿತಿ 2015ರ ಆಗಸ್ಟಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆದು, ಕುಡಿದು ಓಡಿಸಿದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕು, ಮೊದಲ ಅಪರಾಧಕ್ಕೇ ಸೆರೆವಾಸ ಕೋರಿ ಪೊಲೀಸರು ಮೊಕದ್ದಮೆ ನಡೆಸಬೇಕು ಎಂದು ಸೂಚಿಸಿತು. ಮೊದಲ ಸಲಕ್ಕೇ ಜೈಲು ಎಂಬಲ್ಲಿ ನನಗೆ ಹಿಂಜರಿಕೆಯಿದೆ, ದುಡಿಯುವ ಒಬ್ಬನೇ ಗಂಡಸು ಒಳಗೆ ಹೋದ ಮನೆಯ ಪಾಡು ಏನೆಂದು ಕಂಡಿದ್ದೇವೆ. ಮೂರು ತಿಂಗಳ ಅಮಾನತಿನಲ್ಲಿ ಹಿಂಜರಿಕೆ ಇಲ್ಲ. ಹಳದಿ ಬೋರ್ಡಿನ ಗಾಡಿ ಓಡಿಸುವವರು ‘ಹೊಟ್ಟೆ ಮೇಲೆ ಹೊಡೀಬೇಡಿ’ ಎನ್ನುತ್ತಾರೆ. ಅವರ ಕಷ್ಟ ನಿಜ. ಅವರ ಗಾಡಿಯ ಹಿಂದಿನ ಸೀಟಿನಲ್ಲಿ ಕೂತವರ ಜೀವವೂ ಅಷ್ಟೇ ನಿಜ.

ಇಲ್ಲೊಂದು ತೊಡಕಿದೆ, ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿರುವಂಥದು. ಲೈಸೆನ್ಸೇ ಇಲ್ಲದವನಿಂದ ಏನನ್ನು ವಶಪಡಿಸಿಕೊಳ್ಳುವುದು? ತೋಟಕ್ಕೆ, ಡೇರಿಗೆ, ಬಾರಿಗೆ ಬೈಕಿನಲ್ಲೇ ಓಡಾಡುತ್ತಾ ಒಂದು ದಿನವೂ ಲೈಸೆನ್ಸ್ ಮಾಡಿಸದೆ ನಡುವಯಸ್ಸಿಗೆ ಬಂದವರಿದ್ದಾರೆ. ಅವರನ್ನು ಲೈಸೆನ್ಸ್ ಪಡೆಯುವುದರಿಂದಲೇ ಅನರ್ಹಗೊಳಿಸಲು ಕೋರ್ಟಿಗೆ ಅಧಿಕಾರವಿದೆ, ಆದರೆ ಬೇಡವೆಂದವನಿಗೆ ಅದರಿಂದ ಆಗುವ ನಷ್ಟವಾದರೂ ಏನು? ಅಂಥ ಕಡೆ ಗಾಡಿಯ ಮಾಲೀಕನನ್ನು ಕೇಳಬೇಕು. ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೆ 180ನೇ ಕಲಮಿನಡಿ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ದಂಡ ಇದೆ. ಇನ್ನು 188ನೇ ಕಲಂ: ಕುಡಿದವನಿಗೆ ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಿಗೆ ಆಗುವ ಶಿಕ್ಷೆಯೇ. ‘ಏ, ನೀನೇ ಓಡ್ಸಪ್ಪ, ಏನೂ ಆಗಲ್ಲ’ ಎಂದು ಕೀಲಿ ಎಸೆದವನು ಈ ಕಲಮಿನ ಹೊರಗೆ ನಿಂತಿಲ್ಲ. ಬಾಡಿಗೆ ಗಾಡಿಗಳ ಮಾಲೀಕರು, ಚಾಲಕ ಕುಡಿದಿದ್ದಾನೆಂದು ಗೊತ್ತಿದ್ದೂ ರಾತ್ರಿ ಟ್ರಿಪ್ಪಿಗೆ ಕಳಿಸುವವರು, ಇದನ್ನೊಮ್ಮೆ ಓದಿಕೊಳ್ಳಬೇಕು.

ಹಣದ ಪೆಟ್ಟು ದಂಡದಲ್ಲಿ ಮುಗಿಯುವುದೂ ಇಲ್ಲ. ವಿಮೆ ಇದೆಯಲ್ಲ ಎಂಬ ಧೈರ್ಯ ಎಲ್ಲರಿಗೂ. ಕುಡಿದು ಗುದ್ದಿಸಿದ ಸ್ವಂತ ಗಾಡಿಯ ರಿಪೇರಿಗೆ ವಿಮಾ ಕಂಪನಿ ಬಿಡಿಗಾಸೂ ಕೊಡಬೇಕಾಗಿಲ್ಲ. 2007ರ ಡಿಸೆಂಬರಿನಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಪೋರ್ಷೆ ಕಾರೊಂದು ನಜ್ಜುಗುಜ್ಜಾದ ಪ್ರಕರಣದಲ್ಲಿ 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ವಿಮಾ ಕಂಪನಿಯ ಪರ ನಿಂತಿತು. ಉಸಿರಿನ ಪರೀಕ್ಷೆಯಾಗಲಿ ರಕ್ತ ಪರೀಕ್ಷೆಯಾಗಲಿ ನಡೆದಿರದಿದ್ದರೂ, ಬೇರೆ ಸಂಗತಿಗಳಿಂದ ಚಾಲಕ ಮದ್ಯದ ಅಮಲಿನಲ್ಲಿದ್ದನೆಂದು ತೀರ್ಮಾನಿಸಬಹುದು ಎಂದಿತು. ಎದುರಿನವನು ಸತ್ತರೆ ಪರಿಹಾರದ ಪ್ರಶ್ನೆ ಇನ್ನೂ ದೊಡ್ಡದು. ಮೂರನೇ ವ್ಯಕ್ತಿಯ ವಿಮೆಯಲ್ಲೂ ಮದ್ಯದ ಅಮಲನ್ನು ಮುಂದಿಟ್ಟು ವಾದಿಸಲು ಹೊಸ ತಿದ್ದುಪಡಿ ಕಂಪನಿಗೆ ಅವಕಾಶ ಕೊಟ್ಟಿದೆ. ಸತ್ತವನ ಮನೆಯವರಿಗೆ ಕಂಪನಿ ಹಣ ಕೊಟ್ಟರೂ ಅದನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂಬ ಆದೇಶ ಬರಬಹುದು. ಆಗ ಹರಾಜಿಗೆ ಬರುವುದು ಅಪ್ಪ ನೆಟ್ಟ ತೆಂಗಿನ ತೋಟ.

ಪ್ರಾಣ ಹೋದರೆ 185ನೇ ಕಲಂ ಹಿಂದೆ ಸರಿದು ಬೇರೆ ಕಾನೂನು ಮುಂದೆ ಬರುತ್ತದೆ. ಅಜಾಗರೂಕತೆಯಿಂದ ಸಾವಿಗೆ ಕಾರಣನಾದವನಿಗೆ ಭಾರತೀಯ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು ಐದು ವರ್ಷಕ್ಕೆ ಏರಿಸಿದೆ. ಕುಡಿದು ಓಡಿಸಿದರೆ ಜನ ಸಾಯಬಹುದು ಎಂದು ತಿಳಿದೂ ಓಡಿಸಿದ್ದು ಸಾಬೀತಾದರೆ ಕೊಲೆಯಲ್ಲದ ನರಹತ್ಯೆಯ ಆರೋಪವೇ ನಿಲ್ಲುತ್ತದೆ. 2006ರ ನವೆಂಬರಿನಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹತ್ತಿಸಿ ಏಳು ಜನರ ಸಾವಿಗೆ ಕಾರಣನಾದ ಅಲಿಸ್ಟರ್ ಪೆರೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಹೀಗೇ ತೀರ್ಪಿತ್ತು, ಮೂರು ವರ್ಷದ ಶಿಕ್ಷೆ ಎತ್ತಿಹಿಡಿಯಿತು. ಈ ಮೊದಲೇ ಒಮ್ಮೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದವನು ‘ನನಗೆ ಅಪಾಯ ತಿಳಿದಿರಲಿಲ್ಲ’ ಎಂದು ಯಾವ ಬಾಯಿಂದ ಹೇಳಿಯಾನು? ಹಳೆಯ ಹತ್ತು ಸಾವಿರದ ರಸೀದಿ ಅಂದು ಅವನ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಬಹುದು.

ದೇಶದ ಲೆಕ್ಕದಲ್ಲಿ ಕುಡಿತದ ಪಾಲು ಸಣ್ಣದಾಗಿ ಕಾಣುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಮದ್ಯಪಾನದ ಲೆಕ್ಕಕ್ಕೆ ಹಾಕಿದ್ದು 4,201. ಶೇಕಡ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣ ಎಂದಿದೆ. ಈ ಅಂಕಿಯನ್ನು ಹಾಗೆಯೇ ನಂಬಲು ನನಗೆ ಆಗುವುದಿಲ್ಲ. ರಾತ್ರಿ ಹತ್ತೂವರೆಗೆ ಒಬ್ಬನೇ ಬೈಕಿನಲ್ಲಿ ಬಂದು ಸೇತುವೆಯ ಕಟ್ಟೆಗೆ ಗುದ್ದಿ ಸತ್ತವನ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ರೂಢಿಯ ಮಾತು ಬರುತ್ತದೆ. ಸತ್ತವನ ಮೇಲೆ ಕುಡಿತದ ಮಾತೆತ್ತಿ ಹೆಂಡತಿ ಮಕ್ಕಳಿಗೆ ಸಿಗುವ ವಿಮೆಯ ಹಣ ತಪ್ಪಿಸುವುದೇಕೆ ಎಂಬ ಕರುಣೆಯೂ ಅದರ ಹಿಂದೆ ಇದ್ದೀತು. ಆ ಕರುಣೆ ಅರ್ಥವಾಗುತ್ತದೆ. ಆದರೆ ಅದರಿಂದ ಊರಿನ ಕಾಯಿಲೆ ಎಷ್ಟೆಂಬುದು ಯಾರಿಗೂ ಗೊತ್ತಾಗದೆ ಉಳಿಯುತ್ತದೆ.

ಅಮೆರಿಕದಲ್ಲಿರುವ ನಮ್ಮ ಹುಡುಗರನ್ನು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷದೊಳಗೆ ಎರಡನೇ ಸಲ ಸಿಕ್ಕರೆ ಕಾನೂನು ಹೇಳುವ ಕನಿಷ್ಠ ಸೆರೆಯೇ 96 ಗಂಟೆ, ಅದು ಒಂದು ವರ್ಷದವರೆಗೂ ಹೋಗಬಹುದು. ಲೈಸೆನ್ಸಿಗೆ ಎರಡು ವರ್ಷದ ಅಮಾನತು, ಜೊತೆಗೆ ತಿಂಗಳುಗಟ್ಟಲೆ ಕಡ್ಡಾಯ ತರಗತಿ. ಈ ಕೇಸಿನಲ್ಲಿ ಬಂಧನವಾದರೆ ಸಾಕು, ವೀಸಾ ರದ್ದು ಮಾಡುವ ನೀತಿಯನ್ನು ಆ ದೇಶ 2015ರಿಂದ ಪಾಲಿಸುತ್ತಿದೆ. ಅದಕ್ಕೆ ಅಲ್ಲಿ ಒಂದು ಬಿಯರ್ ಕುಡಿದವನೂ ಟ್ಯಾಕ್ಸಿ ಕರೆಯುತ್ತಾನೆ. ಅದೇ ಹುಡುಗ ರಜೆಗೆ ಅರಸೀಕೆರೆಗೆ ಬಂದಾಗ, ಗೆಳೆಯರ ಪಾರ್ಟಿ ಮುಗಿಸಿ ಅಣ್ಣನ ಕಾರನ್ನು ತಾನೇ ಓಡಿಸಿಕೊಂಡು ಮನೆಗೆ ಬರುತ್ತಾನೆ. ಬದಲಾದದ್ದು ಅವನ ಸ್ವಭಾವವಲ್ಲ. ಅಲ್ಲಿ ಹಿಡಿಯುತ್ತಾರೆ, ಹಿಡಿದದ್ದನ್ನು ಬರೆದಿಡುತ್ತಾರೆ ಎಂದು ಅವನಿಗೆ ಗೊತ್ತು.

ಇನ್ನು ಕೊನೆಯದಾಗಿ ಹೇಳಬೇಕಾದದ್ದು ಮನೆಯೊಳಗಿನ ಮಾತು. ಮೊದಲ ಸಲ ಸಿಕ್ಕವನು ಮೈಮರೆತವನಿರಬಹುದು, ಮದುವೆ ಮನೆಯಿಂದ ಬಂದವನಿರಬಹುದು. ಹತ್ತು ಸಾವಿರ ಕಟ್ಟಿ, ಕೋರ್ಟಿನ ಮೆಟ್ಟಿಲು ಹತ್ತಿ ಇಳಿದ ಮೇಲೂ ಎರಡನೇ ಸಲ ಸಿಕ್ಕವನು ಬಹುಮಟ್ಟಿಗೆ ಕಾಯಿಲೆಯವನು. ಅವನಿಗೆ ಬುದ್ಧಿ ಹೇಳಿ ಫಲವಿಲ್ಲ, ಚಿಕಿತ್ಸೆ ಬೇಕು. 185ನೇ ಕಲಮಿನಲ್ಲಿ ಚಿಕಿತ್ಸೆಯ ಮಾತೇ ಇಲ್ಲ. ಆದರೆ ದಾರಿ ಪೂರ್ತಿ ಮುಚ್ಚಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂ, ಮದ್ಯ ಮುಟ್ಟಕೂಡದೆಂಬ ಷರತ್ತನ್ನು ಮುಚ್ಚಳಿಕೆಯಲ್ಲೇ ಬರೆಸಿಕೊಂಡು ಅಪರಾಧಿಯನ್ನು ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲಿ ಬಿಡಲು ನ್ಯಾಯಾಧೀಶರಿಗೆ ಅಧಿಕಾರ ಕೊಡುತ್ತದೆ. ಷರತ್ತು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆ. ಅರುವತ್ತು ವರ್ಷ ದಾಟಿದ ಈ ಕಾಯ್ದೆಯನ್ನು ಎರಡನೇ ಸಲದ ಕುಡುಕ ಚಾಲಕರಿಗೆ ಅನ್ವಯಿಸಿ ನೋಡಬೇಕೆಂಬುದು ನನ್ನ ಮನವಿ: ಲೈಸೆನ್ಸ್ ರದ್ದಾಗಲಿ, ಜೊತೆಗೆ ಚಿಕಿತ್ಸೆಯ ಷರತ್ತೂ ಇರಲಿ. ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿವೆ, ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ನಿಮ್ಮ ಮನೆಯಲ್ಲಿ ಈಗಾಗಲೇ ಒಮ್ಮೆ ಈ ದಂಡ ಕಟ್ಟಿದವರಿದ್ದರೆ, ಎರಡನೇ ಕೇಸು ಆಗುವವರೆಗೆ ಕಾಯಬೇಡಿ. ಸಂಜೆಯ ಮೇಲೆ ಗಾಡಿಯ ಕೀಲಿ ಬೇರೆಯವರ ಕೈಯಲ್ಲಿರಲಿ. ಅವರನ್ನು ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕೆಲಸ ಮಾಡುವ ಸಹಾಯವಾಣಿ ಅದು, ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.